ನೀರು ಕುಡಿಸದ ರಾಶಿ

ಕುರುಗೋಡು
೭ ಆಗಸ್ಟ್ ೨೦೨೫, ಗುರುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀ? ಹೊಸ ಕಿವಿ ಮಷೀನು ಈಗಲಾದರೂ ಹೇಳಿದ ಮಾತು ಕೇಳುತ್ತಿದೆಯಾ, ಇಲ್ಲ ಇನ್ನೂ ಕುಕ್ಕರಿನ ಹಾಗೆ ಸೀಟಿ ಹಾಕುತ್ತಿದೆಯಾ? ಅದನ್ನು ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, "ಹಾಕ್ಕೊಂಡೀನವ್ವಾ" ಅಂತ ಅಕ್ಷಿತಾ ಅತ್ತಿಗೆಗೆ ಸುಳ್ಳು ಹೇಳುತ್ತೀಯಂತೆ. ಸಮ್ರಾಟಣ್ಣ ಎಲ್ಲ ಮೆಸೇಜ್ ಮಾಡಿದ್ದಾನೆ, ನಿನ್ನ ಗುಟ್ಟು ಒಂದೂ ಉಳಿದಿಲ್ಲ! ಮೂವತ್ತು ವರ್ಷ ಜಲ್ಲಿ ಕ್ರಷರಿನ ಪಕ್ಕ ನಿಂತು ಕಳೆದುಕೊಂಡ ಕಿವಿಯನ್ನು ಎರಡೇ ತಿಂಗಳಲ್ಲಿ ಹುಬ್ಬಳ್ಳಿಯ ಡಾಕ್ಟರು ವಾಪಸ್ ಕೊಡಲಿ ಅಂದರೆ ಹೇಗೆ? ಸ್ವಲ್ಪ ತಾಳ್ಮೆ ಇಟ್ಟುಕೋ. ಬಿಪಿ ಗುಳಿಗೆ ತಪ್ಪಿಸಬೇಡ. ಅತ್ತಿಗೆ ಮಾಡಿದ ರೊಟ್ಟಿಯನ್ನು ಬಳ್ಳಾರಿಯ ರೊಟ್ಟಿಗೆ ಹೋಲಿಸಿ ಮಾತಾಡಬೇಡ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿದರೆ ಇಡೀ ಓಣಿಗೆ ಹೇಳಿದ ಹಾಗೆ, ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡುತ್ತೀ. ಅದಕ್ಕೇ ಕಾಗದ. ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ನೀನೇ, ಹಾಗಾಗಿ ಒತ್ತಕ್ಷರ ತಪ್ಪಿದರೆ ನನ್ನನ್ನು ಬೈಯುವ ಹಾಗಿಲ್ಲ.

ನಾನು ಚೆನ್ನಾಗಿದ್ದೇನೆ ಅಪ್ಪಾ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು. ಮದುವೆಯಾಗಿ ಮೂರು ತಿಂಗಳಾಯಿತು ಅನ್ನುವುದೇ ನನಗೆ ನಂಬಿಕೆ ಬರುವುದಿಲ್ಲ! ಹುಲಿಗೇಶ್ ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ಚಹಾ ಇಡುತ್ತಾನೆ. ಅತ್ತೆ ನೋಡಿದರೆ "ಹಾಲು ಉಕ್ಕತೈತೇನೋ ಅಂತ ನೋಡಾಕ ಬಂದಿದ್ದೆ" ಅನ್ನುತ್ತಾನೆ. ಅತ್ತೆ ಸುಂಕಲಮ್ಮನವರಿಗೆ ಎಲ್ಲ ಗೊತ್ತು, ಸುಮ್ಮನೆ ನಗುತ್ತಾರೆ. ನಾನು ಗಂಡನನ್ನು ಹೆಸರು ಹಿಡಿದು ಕರೆಯುವುದಕ್ಕೆ ಓಣಿಯ ಹೆಂಗಸರು ಮೊದಲ ವಾರ ಬಾಯಿಗೆ ಸೆರಗು ಹಿಡಿದರು. ಮಾವ ಹೊನ್ನೂರಪ್ಪನವರೇ ಕಟ್ಟೆಯ ಮೇಲೆ ಕೂತು, "ಹೆಸರಿಟ್ಟಿದ್ದು ಕರೀಲಿಕ್ಕಲ್ಲೇನ್ರೇ, ಗೂಟಕ್ಕ ಹಾಕಾಕೇನು?" ಅಂದ ಮೇಲೆ ಸುಮ್ಮನಾದರು. ಇಂಥ ಮನೆ ಅಪ್ಪಾ ಇದು. ಇಂಥ ಮನೆಗೆ ನಾನು ಏನು ತಂದಿಟ್ಟೆ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ನಮ್ಮ ಕೆಲಸ ನಿನಗೆ ಗೊತ್ತೇ ಇದೆ. ಬಳ್ಳಾರಿಯಲ್ಲಿ ಹಳೇ ಮನೆ, ಅಂಗಡಿ ಕೆಡವಿದರೆ ಬರುವ ಗೋಡೆ, ಸ್ಲ್ಯಾಬು, ಇಟ್ಟಿಗೆಚೂರನ್ನು ಟಿಪ್ಪರಿನಲ್ಲಿ ತಂದು ಕುರುಗೋಡಿನ ಹೊರಗಿನ ಯಾರ್ಡಿನಲ್ಲಿ ಸುರಿದು, ಆರಿಸಿ, ಪುಡಿ ಮಾಡಿ, ಕುಡತಿನಿಯ ಕರೆಂಟು ಕಾರ್ಖಾನೆಯಿಂದ ತಂದ ಹಾರುಬೂದಿ, ಸಿಮೆಂಟು ಸೇರಿಸಿ ನೆಲಕ್ಕೆ ಹಾಸುವ ಪೇವರ್ ಬ್ಲಾಕು ಮಾಡುತ್ತೇವೆ. ಮೊದಲು ಮಾವ ಅದೇ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಒಯ್ದು ಹಳ್ಳದ ದಂಡೆಗೆ ಸುರಿದು ಬರುತ್ತಿದ್ದರು. "ಹಳ್ಳ ತುಂಬಿಸಿದ ಪಾಪ ಯಂತ್ರದಾಗ ಹಾಕಿ ತೀರಿಸಾಕತ್ತೀನಿ" ಅನ್ನುತ್ತಾರೆ. ಹುಲಿಗೇಶ್ ಸಂಬಂಧ ಬಂದಾಗ ನೀನು ಏನು ಅಂದಿದ್ದೆ, ನೆನಪಿದೆಯಾ? "ಜೀವಮಾನ ಎಲ್ಲಾ ನಾನು ಗುಡ್ಡ ಒಡೆದು ಜಲ್ಲಿ ಮಾಡಿದೆ. ನನ್ನ ಅಳಿಯ ಮನಿ ಒಡೆದು ಜಲ್ಲಿ ಮಾಡ್ತಾನ. ಅವನು ಗುಡ್ಡ ಉಳಿಸ್ತಾನಲ್ಲ, ಕೊಡೂಣು." ಅವತ್ತು ನಾನು ಬಾಗಿಲ ಹಿಂದೆ ನಿಂತು ಕುಣಿದಿದ್ದೆ.

ಮಾಡುವುದೇನೋ ಮಾಡುತ್ತೇವೆ, ಮಾರುವುದೇ ಕಷ್ಟ. ಬಿಬಿಎ ಓದಿದ ಸೊಸೆ ಬಂದಿದ್ದಾಳೆ, ಮಾರುಕಟ್ಟೆ ಅವಳೇ ನೋಡಿಕೊಳ್ಳಲಿ ಅಂತ ಆ ಕೆಲಸ ನನ್ನ ತಲೆಗೆ ಬಂತು. ನನಗಂತೂ ಖುಷಿಯೋ ಖುಷಿ! ಹಸಿರು ಬಣ್ಣದ ಪಾಂಪ್ಲೆಟ್ ಮಾಡಿಸಿದೆ, ಲ್ಯಾಬಿನ ರಿಪೋರ್ಟು ಲ್ಯಾಮಿನೇಶನ್ ಮಾಡಿಸಿದೆ, ಸ್ಯಾಂಪಲ್ ಬ್ಲಾಕುಗಳನ್ನು ಮದುವೆಗೆ ನೀನು ಕೊಡಿಸಿದ ಟ್ರಾಲಿ ಬ್ಯಾಗಿನಲ್ಲಿ ಎಳೆದುಕೊಂಡು ಬಳ್ಳಾರಿಯಲ್ಲಿ ಹದಿನಾಲ್ಕು ಆಫೀಸು ಸುತ್ತಿದೆ. ಇಂಜಿನಿಯರುಗಳು ತಣ್ಣಗೆ ಮಾತಾಡುತ್ತಾರೆ: "ಸರ್ಕಾರ ಹೇಳೈತಮ್ಮ, ನಿಯಮ ಐತಿ, ಆದ್ರ ನಮ್ಮ ರೇಟ್ ಪಟ್ಟಿಯೊಳಗ ನಿಮ್ಮ ಹೆಸರಿಲ್ಲ." ಕಂಟ್ರಾಕ್ಟರುಗಳು ಚಹಾ ಕುಡಿಸಿ ಕೇಳುತ್ತಾರೆ: "ಮೊದಲು ಯಾರು ತಗೊಂಡಾರ?" ಯಾರೂ ಇಲ್ಲ, ನೀವೇ ಮೊದಲು ಅಂದರೆ ಚಹಾದ ಕಪ್ಪು ಕೆಳಗಿಟ್ಟುಬಿಡುತ್ತಾರೆ. ಊರಿನಲ್ಲಿ ಎಲ್ಲರಿಗೂ ಎರಡನೆಯವರಾಗುವ ಆಸೆ ಅಪ್ಪಾ, ಮೊದಲನೆಯವರು ಒಬ್ಬರೂ ಸಿಗಲಿಲ್ಲ. ತಿಪ್ಪೇರುದ್ರಪ್ಪ ಅಂತ ಲೇಔಟ್ ಮಾಡುವವರೊಬ್ಬರು ಬ್ಲಾಕನ್ನು ತಿರುಗಿಸಿ ಮುರುಗಿಸಿ ನೋಡಿ, "ಗಟ್ಟಿ ಐತಿ ಖರೆ. ಯಾರ ಮನೀದಿದು? ಸತ್ತವರ ಮನೀದಲ್ಲಲ್ಲ?" ಅಂದರು. ಆಮೇಲೆ ದನಿ ತಗ್ಗಿಸಿ, "ಯಾವ ಕೇರೀದು?" ಅಂತ ಕೇಳಿದರು. ನಾನು ನಗುತ್ತಾ ಟ್ರಾಲಿ ಬ್ಯಾಗು ಮುಚ್ಚಿಕೊಂಡು ಬಂದೆ. ಬಸ್ಸಿನಲ್ಲಿ ಕಣ್ಣೀರು ಹಾಕಿದೆ. ಮನೆಗೆ ಬಂದು ಹೇಳಿದಾಗ ಅತ್ತೆಗೆ ಸಿಟ್ಟೂ ಬರಲಿಲ್ಲ. "ಯಂತ್ರದ ಹಲ್ಲಾಗ ಹೋಗಿ ಬಂದ ಮ್ಯಾಲ ಕಲ್ಲಿಗೆ ಯಾವ ಕೇರಿ? ಅಂವನ್ನೂ ಒಂದು ಸಲ ಹಾಕಿ ತಗೀಬೇಕು" ಅಂದರು. ಅಷ್ಟೊತ್ತು ಅತ್ತವಳು ಬಿದ್ದು ಬಿದ್ದು ನಕ್ಕೆ.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ, ಅತ್ತೆ ಒಂದೇ ಹೊಸ್ತಿಲು ದಾಟಬಾರದು ಅನ್ನುವುದು ಈ ಮನೆಯ ಕಟ್ಟು. ಇದನ್ನು ಓದಿ ನೀನು ಹುಬ್ಬು ಏರಿಸುತ್ತೀ ಅಂತ ಗೊತ್ತು, ಮದುವೆಯಲ್ಲಿ ಬುದ್ಧನ ಪಂಚಶೀಲ ಹೇಳಿಸಿದ ಮನುಷ್ಯ ನೀನು! ಆದರೆ ಅತ್ತೆಗೆ ಅದರಲ್ಲಿ ನಂಬಿಕೆ ಇದೆ, ನನಗೆ ಅತ್ತೆಯಲ್ಲಿ ನಂಬಿಕೆ ಇದೆ. ನಾನು ತವರಿಗೆ ಹೋಗಬೇಕು ಅಂದರೆ ನೀನು ಹುಬ್ಬಳ್ಳಿಯಲ್ಲಿ, ಬಳ್ಳಾರಿಯ ಮನೆಗೆ ಬೀಗ. ಕೊನೆಗೆ ಅತ್ತೆಯೇ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಸಿರುಗುಪ್ಪಕ್ಕೆ, ಮಗಳು ಶಶಿರೇಖಾಳ ಮನೆಗೆ ಹೋದರು. "ಸೊಸಿ ಹೋಗೂದು ಬಿಟ್ಟು ಅತ್ತೀನ ಊರು ಬಿಟ್ಟಳಲ್ಲೇ" ಅಂತ ಓಣಿಯವರಿಗೆ ಒಂದು ತಿಂಗಳು ನಗಲಿಕ್ಕೆ ಸಾಕಾಯಿತು. ಆದರೆ ಅತ್ತೆ ಸುಮ್ಮನೆ ಹೋಗಿರಲಿಲ್ಲ. ಸೀರೆಯ ಕೆಳಗೆ ಎರಡು ಬ್ಲಾಕು ಇಟ್ಟುಕೊಂಡು ಹೋಗಿದ್ದರು!

ಸಿರುಗುಪ್ಪದಲ್ಲಿ ಚನ್ನವೀರಮ್ಮ ಅಂತ ಒಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಅಕ್ಕಿ ಮಿಲ್ಲನ್ನು ತಾವೇ ನಡೆಸುತ್ತಾರೆ. ಅತ್ತೆ ಮದುವೆಗೆ ಮೊದಲು ಅದೇ ಮಿಲ್ಲಿನಲ್ಲಿ ಭತ್ತ ಹರವುವ ಕೆಲಸ ಮಾಡಿದವರು. ಮಿಲ್ಲಿನ ಕಣ, ಅದೇ ಭತ್ತ ಒಣಗಿಸುವ ಅಂಗಳ, ಲಾರಿ ಓಡಾಡಿ ಒಡೆದು ಹೋಗಿತ್ತು. ಅತ್ತೆ ಎರಡು ಬ್ಲಾಕು ಅವರ ಮುಂದೆ ಇಟ್ಟು, ಇದು ಕೆಡವಿದ ಮನೆಯದು ಅಂತ ಮೊದಲೇ ಹೇಳಿದರಂತೆ. ಚನ್ನವೀರಮ್ಮ ಯಾರ ಮನೆ ಅಂತ ಕೇಳಲಿಲ್ಲ, ಯಾವ ಕೇರಿ ಅಂತಲೂ ಕೇಳಲಿಲ್ಲ. "ನೀರಾಗ ಇಟ್ಟರ ಏನಾಗತೈತಿ ಸುಂಕಲಿ? ನನಗ ಅದು ಹೇಳು" ಅಂದರಂತೆ. ಎರಡನ್ನೂ ಮಿಲ್ಲಿನ ತೊಟ್ಟಿಯಲ್ಲಿ ಹಾಕಿ ಹನ್ನೆರಡು ದಿನ ಬಿಟ್ಟರು. ಹದಿಮೂರನೇ ದಿನ ತೆಗೆದು ಕಲ್ಲಿಗೆ ಬಡಿದು ನೋಡಿ, ಕಣದ ಒಂದು ಮೂಲೆಗೆ ಒಂಬತ್ತು ಸಾವಿರ ಬ್ಲಾಕು ಹೇಳಿದರು. ಸರಿ ಕಂಡರೆ ಪೂರ್ತಿ ಕಣ. ಅತ್ತೆ ಅವತ್ತು ಅವರಿಗೆ ಕೊಟ್ಟದ್ದು ಒಂದೇ ಮಾತು: "ನೀರು ಕುಡಿಸದ ಕಲ್ಲು ನಿಮ್ಮ ಕಣಕ್ಕ ಬರೂದಿಲ್ಲ ತಾಯಿ." ಲ್ಯಾಮಿನೇಶನ್ ಮಾಡಿಸಿದ ನನ್ನ ರಿಪೋರ್ಟು ಹದಿನಾಲ್ಕು ಆಫೀಸಿನಲ್ಲಿ ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು. ಇಡೀ ಜಿಲ್ಲೆಯಲ್ಲಿ ನಮಗೆ ಮೊದಲನೆಯವರು ಸಿಕ್ಕರು ಅಪ್ಪಾ! ಅವತ್ತು ಹುಲಿಗೇಶ್ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಳ್ಳಾರಿಗೆ ಹೋಗಿ ಐಸ್‌ಕ್ರೀಮ್ ಕೊಡಿಸಿದ. ಆ ಖುಷಿಯಲ್ಲಿ ನಾನೇ ಚನ್ನವೀರಮ್ಮನವರಿಗೆ ಫೋನು ಮಾಡಿ, ಜುಲೈ ಇಪ್ಪತ್ತರ ಒಳಗೆ ಬ್ಲಾಕು ಪೂರ್ತಿ ತಯಾರಿರುತ್ತದೆ ಅಂತ ಹೇಳಿಬಿಟ್ಟೆ.

ನೀರು ಕುಡಿಸುವುದು ಅಂದರೆ ಏನು ಅಂತ ನಿನಗೆ ಹೇಳಬೇಕು, ನಿನ್ನ ಕ್ರಷರಿನಲ್ಲಿ ಇದರ ಗರಜು ಇರಲಿಲ್ಲ. ಗುಡ್ಡದ ಕಲ್ಲು ಒಂದೇ ಜಾತಿ. ಕೆಡವಿದ ಮನೆಯಲ್ಲಿ ಎಲ್ಲವೂ ಇರುತ್ತದೆ: ಕಟ್ಟಿಗೆ, ವೈರು, ಟೈಲ್ಸು, ಮತ್ತೆ ಎಲ್ಲಕ್ಕಿಂತ ಕೆಟ್ಟದ್ದು ಪಿಓಪಿ, ಚಾವಣಿಗೆ ಅಲಂಕಾರಕ್ಕೆ ಹಚ್ಚುತ್ತಾರಲ್ಲ, ಆ ಬಿಳಿ ಪ್ಲಾಸ್ಟರು. ದೊಡ್ಡ ತುಂಡುಗಳು ಕೈಗೆ ಸಿಗುತ್ತವೆ. ಬೆರಳುಗಾತ್ರದವು ಸಿಮೆಂಟಿನ ಧೂಳು ಮೆತ್ತಿಕೊಂಡು ಜಲ್ಲಿಯಂತೆಯೇ ಕಾಣುತ್ತವೆ. ಅವು ಬ್ಲಾಕಿನ ಒಳಗೆ ಹೋದರೆ ಮೊದಲು ಏನೂ ಆಗುವುದಿಲ್ಲ. ನೀರು ಹೀರುತ್ತಾ ಹೀರುತ್ತಾ ಒಳಗಿನಿಂದ ಉಬ್ಬಿ ಬ್ಲಾಕನ್ನು ಸೀಳುತ್ತವೆ. ಅದಕ್ಕೇ ಅತ್ತೆಯ ಕಾನೂನು: ಯಾವ ರಾಶಿ ಬಂದರೂ ಎರಡು ದಿನ ಪೈಪು ಹಿಡಿದು ನೀರು ಬಿಡಬೇಕು. ಧೂಳು ತೊಳೆದು ಹೋಗಿ ಪಿಓಪಿ ಬೆಳ್ಳಗೆ ಹಲ್ಲು ಕಿಸಿಯುತ್ತದೆ, ಆಗ ಹೆಂಗಸರು ಕೂತು ಆರಿಸುತ್ತಾರೆ. ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಎರಡು ವರ್ಷ ಬ್ಲಾಕು ಒಡೆದು ಒಡೆದು ಅತ್ತೆ, ಉಚ್ಚಂಗೆಮ್ಮ ಇಬ್ಬರೂ ಕಂಡುಕೊಂಡದ್ದು. ಉಚ್ಚಂಗೆಮ್ಮ ಅಂದರೆ ಆರಿಸುವ ಹೆಂಗಸರಲ್ಲಿ ಹಿರಿಯಳು, ಅತ್ತೆಯ ಇಪ್ಪತ್ತು ವರ್ಷದ ಗೆಳತಿ. ನನ್ನನ್ನು "ಸಣ್ಣವ್ವಾ" ಅಂತ ಕರೆಯುತ್ತಾಳೆ, ದಿನಾ ಬುತ್ತಿಯಲ್ಲಿ ನನಗೆ ಅಂತ ಒಂದು ಶೇಂಗಾ ಉಂಡೆ ಇಟ್ಟುಕೊಂಡು ಬರುತ್ತಿದ್ದಳು.

ಆಷಾಢದಲ್ಲಿ ಅತ್ತೆ ಸಿರುಗುಪ್ಪದಲ್ಲಿದ್ದಾಗ ಯಾರ್ಡಿನ ಮೇಲ್ವಿಚಾರಣೆ ನನ್ನದು. ಜುಲೈ ಎರಡನೇ ವಾರ ಬಳ್ಳಾರಿಯಿಂದ ಕೆಡವಿದ ಕಲ್ಯಾಣ ಮಂಟಪದ ರಾಶಿ ಬಂತು, ಆರು ಟಿಪ್ಪರು. ಅದರ ಚಾವಣಿಯ ತುಂಬ ಗುಲಾಬಿ ಬಣ್ಣದ ಪಿಓಪಿ ಹೂವುಗಳು! ಎಷ್ಟು ಮದುವೆ ನೋಡಿದ ಹೂವುಗಳೋ ಏನೋ. ಒಂದು ಮುರಿಯದೇ ಸಿಕ್ಕಿತು. ಒರೆಸಿ ತಂದು ನಮ್ಮ ಕೋಣೆಯಲ್ಲಿ ಕನ್ನಡಿಯ ಪಕ್ಕ ಇಟ್ಟೆ, ಹುಲಿಗೇಶನ ಜೊತೆ ಅದನ್ನು ಹಿಡಿದು ಸೆಲ್ಫಿ ತೆಗೆದು ನಿನಗೂ ಕಳಿಸಿದ್ದೆ, ನೀನು ಹೆಬ್ಬೆರಳು ಕಳಿಸಿದ್ದೆ. ಆ ರಾಶಿ ನೀರು ಕುಡಿಯದೇ ಮಷೀನಿಗೆ ಹೋಗಿದೆ ಅಪ್ಪಾ. ಅದರಿಂದ ಆದ ಬ್ಲಾಕು ನಾಲ್ಕು ಸಾವಿರ.

ಇದು ಗೊತ್ತಾದದ್ದು ನಿನ್ನೆ. ಅಷ್ಟರಲ್ಲಿ ಬ್ಲಾಕುಗಳು ಸಿರುಗುಪ್ಪಕ್ಕೆ ಹೋಗಿ, ಹೋದ ವಾರ ಕಣದ ಮೂಲೆಗೆ ಹಾಸಿ ಆಗಿದೆ. ಒಳ್ಳೆಯ ರಾಶಿಯವು, ಈ ರಾಶಿಯವು ಎಲ್ಲ ಕಲೆತು ಹೋಗಿವೆ. ಮೇಲಿನಿಂದ ನೋಡಿದರೆ ಯಾವುದು ಯಾವುದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಎಷ್ಟು ಚೆಂದ ಕಾಣುತ್ತಿತ್ತು ಗೊತ್ತಾ? ಚನ್ನವೀರಮ್ಮ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು. ಬರುವ ಭಾನುವಾರ ಐದು ಮಿಲ್ಲಿನವರನ್ನು ನೋಡಲು ಕರೆದಿದ್ದಾರೆ. ತಿಪ್ಪೇರುದ್ರಪ್ಪನವರೂ ಬರುತ್ತಾರಂತೆ, ಎರಡನೆಯವರಾಗುವ ಆಸೆ ಅಂದೆನಲ್ಲ! ಎಲ್ಲರ ಮುಂದೆ ಭತ್ತ ತುಂಬಿದ ಲಾರಿ ಓಡಿಸಿ ತೋರಿಸುವುದು ಅಂತ ಮಾತಾಗಿದೆ. ಆ ಭಾನುವಾರಕ್ಕೆ ಒಂದು ವಿಡಿಯೋ ಮಾಡೋಣ ಅಂತ ಯಾರ್ಡಿನಲ್ಲಿ ಉಳಿದಿದ್ದ ಅರವತ್ತು ಬ್ಲಾಕನ್ನು ನಾನು ಹೋದ ತಿಂಗಳ ಕೊನೆಗೇ ತೊಟ್ಟಿಯ ನೀರಿಗೆ ಹಾಕಿಸಿದ್ದೆ. ನಿನ್ನೆ ಮೊಬೈಲು ಹಿಡಿದು, ಕೂದಲು ಬಾಚಿಕೊಂಡು, ಹೊಸ ಚೂಡಿದಾರ ಹಾಕಿಕೊಂಡು ಹೋಗಿ ಮೊದಲ ಬ್ಲಾಕು ಎತ್ತಿದೆ. ಮೂಲೆ ನನ್ನ ಕೈಯಲ್ಲೇ ಉಳಿಯಿತು. ಬೂಂದಿ ಉಂಡೆಯ ಹಾಗೆ. ಎರಡನೆಯದರ ಮೇಲೆ ಕೂದಲೆಳೆಯಂಥ ಬಿರುಕು, ಜೇಡರ ಬಲೆಯ ಹಾಗೆ. ಎರಡು ಬ್ಲಾಕು ಒಂದಕ್ಕೊಂದು ಬಡಿದರೆ ಕಂಚಿನಂಥ ಸದ್ದು ಬರಬೇಕು ಅಂತ ನೀನು ಹೇಳಿಕೊಟ್ಟಿದ್ದೆ. ಬಡಿದೆ. ಹಸಿ ಕುಂಬಳಕಾಯಿಗೆ ಗುದ್ದಿದ ಹಾಗೆ ಬಂತು. ಅರವತ್ತರಲ್ಲಿ ಇಪ್ಪತ್ತೆಂಟು ಹೀಗಿದ್ದವು.

ಹುಲಿಗೇಶ್ ಒಂದನ್ನು ಒಡೆದ. ಒಳಗೆ ಬಿಳಿ ಚುಕ್ಕಿಗಳು. ನೋಡುತ್ತಾ ನಿಂತ, ನನ್ನ ಕಡೆ ತಿರುಗಲೇ ಇಲ್ಲ. ಆಷಾಢ ಮುಗಿಸಿ ಊರಿಗೆ ಮರಳಿದ್ದ ಅತ್ತೆ ಹತ್ತಿರ ಬಂದರು, ಬೆರಳಿನಿಂದ ಆ ಬಿಳಿಯದನ್ನು ಕೆದರಿ ಎರಡೇ ಮಾತು ಕೇಳಿದರು: "ನೀರು ಹಾಕಿದ್ರಾ?" ಮಾವ ಕೇಳಿದರು, "ಮಂಟಪದ ರಾಶಿ ಮಷೀನಿಗೆ ಹಾಕಿದಾಗ ಮುಂದ ಯಾರಿದ್ರು?" ಉಚ್ಚಂಗೆಮ್ಮ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು, "ನಾನ ಇದ್ದೆ" ಅಂದಳು. ಅಷ್ಟೇ ಅಂದಳು. ಮಾವ ಜೋರು ಮಾಡುವ ಮನುಷ್ಯರಲ್ಲ, ನಿನಗೆ ಗೊತ್ತು. ನಿನ್ನೆಯೂ ಜೋರು ಮಾಡಲಿಲ್ಲ. "ಇಪ್ಪತ್ತು ವರ್ಷ ಮನ್ಯಾಕಿ ಅಂತ ತಿಳಿದಿದ್ವಿ. ನಾಳಿಯಿಂದ ಬರಬ್ಯಾಡ ಬಿಡು" ಅಂದರು. ಅವಳು ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು ಝಾಡಿಸಿ, ಮಡಚಿ ಸೊಂಟಕ್ಕೆ ಸಿಗಿಸಿಕೊಂಡು ಹೊರಟಳು. ಗೇಟಿನ ಹತ್ತಿರ ಹೋದವಳು ತಿರುಗಿ ಬಂದು, ಬುತ್ತಿ ಬಿಚ್ಚಿ, ನನ್ನ ಪಾಲಿನ ಉಂಡೆಯನ್ನು ಮಷೀನಿನ ಮೇಲೆ ಇಟ್ಟು ಹೋದಳು. ಅದು ಇನ್ನೂ ಅಲ್ಲೇ ಇದೆ.

ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹುಲಿಗೇಶ್ ಹೇಳುತ್ತಾನೆ: ಭಾನುವಾರದ ತನಕ ಬಾಯಿ ಮುಚ್ಚಿಕೊಂಡಿರೋಣ. ಕಣದಲ್ಲಿನವು ತೊಟ್ಟಿಯಲ್ಲಿ ಇರಲಿಲ್ಲ, ಅಷ್ಟು ಬೇಗ ಒಡೆಯುವುದಿಲ್ಲ, ಒಂದು ಲಾರಿ ತಡೆಯುತ್ತವೆ. ಐದು ಮಿಲ್ಲಿನವರು ನೋಡಿ ಹೋಗಲಿ, ಆಮೇಲೆ ಏನಾದರೂ ನೆಪ ಹೇಳಿ ನಾವೇ ಎಲ್ಲ ಕಿತ್ತು ಹೊಸದು ಹಾಕಿಕೊಡೋಣ. "ಮೋಸ ಮಾಡೋಣ ಅನ್ನಾಕತ್ತಿಲ್ಲ ನೇತ್ರಾ, ನಾಕು ದಿನ ತಡೀರಿ ಅನ್ನಾಕತ್ತೀನಿ." ಅವನು ಕೆಟ್ಟವನಲ್ಲ ಅಪ್ಪಾ, ಹೆದರಿದ್ದಾನೆ. ದೀಪಾವಳಿಯ ಒಳಗೆ ಎರಡನೇ ಗಿರಾಕಿ ಸಿಗದಿದ್ದರೆ ಬ್ಯಾಂಕಿನವರು ಮಷೀನು ಒಯ್ಯುತ್ತಾರೆ. ಆದರೆ ಲಾರಿ ತಡೆಯದಿದ್ದರೆ? ಐದು ಮಿಲ್ಲಿನವರ ಮುಂದೆ ಕಣ ಕುಸಿದರೆ ಈ ಜಿಲ್ಲೆಯಲ್ಲಿ ಇನ್ನು ಹತ್ತು ವರ್ಷ ಕೆಡವಿದ ಮನೆಯ ಜಲ್ಲಿಯನ್ನು ಯಾರೂ ಮುಟ್ಟುವುದಿಲ್ಲ, ನಮ್ಮದನ್ನಷ್ಟೇ ಅಲ್ಲ, ಯಾರದ್ದನ್ನೂ. ತಡೆದರೆ ಇನ್ನೂ ಭಯ. ಐವರೂ ಆರ್ಡರ್ ಕೊಡುತ್ತಾರೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ನಾವು ಕೀಳುವುದಕ್ಕೆ ಮೊದಲೇ ಚನ್ನವೀರಮ್ಮನ ಭತ್ತದಲ್ಲಿ ಬಿಳಿ ಪುಡಿ ಕೂಡುತ್ತದೆ.

ಮಾವ ಹುಲಿಗೇಶನ ಕಡೆಗೂ ಇಲ್ಲ, ಅತ್ತೆಯ ಕಡೆಗೂ ಇಲ್ಲ, ಬೀಡಿ ಸೇದುತ್ತಾ ಕೂತಿದ್ದಾರೆ. ಅತ್ತೆ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದವರು ಒಮ್ಮೆ ಎದ್ದು ಕೂತರು. "ಆ ತಾಯಿಗೆ ಮಾತು ಕೊಟ್ಟಾಕಿ ನಾನು, ಹೇಳೂದಾದ್ರ ನಾನ ಹೇಳಬೇಕು. ನೀರು ಯಾಕ ಹಾಕಲಿಲ್ಲ ಸುಂಕಲಿ ಅಂದ್ರ ಏನು ಹೇಳ್ಲಿ? ಉಚ್ಚಂಗಿ ಮರೆತಳು ಅನ್ಲಾ? ಆಕಿ ಗಂಡ ಸತ್ತ ದಿನಾನೂ ಬಂದು ಪೈಪು ಬಂದ್ ಮಾಡಿ ಹೋದಾಕಿ. ಆಕಿ ನೀರು ಮರಿಯಾಕಿ ಅಲ್ಲ. ಆಕಿ ನೀರು ಮರಿಯಾಕಿ ಅಲ್ಲಲೇ ಹುಲಿಗ್ಯಾ." ಹೀಗೆ ಎರಡು ಸಲ ಅಂದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಡಿದದ್ದೇ ಬಡಿದದ್ದು, ಹಿಟ್ಟು ಹರಿದು ಹೋಯಿತು. ಇವತ್ತು ಬೆಳಿಗ್ಗೆಯಿಂದ ಅತ್ತೆ ಯಾರ ಜೊತೆಗೂ ಮಾತಾಡಿಲ್ಲ. ನನಗೆ ಮಾತ್ರ ಒಮ್ಮೆ, "ನಿನ್ನ ಮುಖ ಯಾಕ ಹಿಂಗ ಬಾಡೈತವ್ವಾ, ನಿನಗೇನು ಸಂಬಂಧ ಇದರಾಗ? ಹೋಗಿ ಮಲಕೋ" ಅಂತ ತಲೆ ಸವರಿದರು.

ಈಗ ನೀನು ಹೇಳು ಅಪ್ಪಾ. ಹುಲಿಗೇಶ್ ಹೇಳುವುದು ಸರಿಯಾ, ನಾಲ್ಕು ದಿನ ತಡೆಯುವುದು ಮೋಸವಾ ಅಲ್ಲವಾ? ಕ್ರಷರಿನಲ್ಲಿ ನೀನು ಒಮ್ಮೆ ಮಣ್ಣು ಬೆರೆತ ಲೋಡು ಹೋಗಿದ್ದಕ್ಕೆ ಸೈಕಲ್ಲು ತುಳಿದುಕೊಂಡು ಸಂಗನಕಲ್ಲಿನ ತನಕ ಲಾರಿಯ ಹಿಂದೆ ಹೋಗಿದ್ದೆಯಂತೆ, ಅವ್ವ ಹೇಳುತ್ತಿದ್ದಳು. ಮಾಲೀಕ ನಿನಗೆ ಬೈದನಂತೆ. ನನಗೆ ಅಷ್ಟು ಧೈರ್ಯ ಇಲ್ಲ. ನನಗೆ ಎಲ್ಲರೂ ನನ್ನನ್ನು ಇಷ್ಟಪಡಬೇಕು, ಎಲ್ಲರೂ ನಗಬೇಕು, ಚಿಕ್ಕವಳಿದ್ದಾಗಿನಿಂದ ಹಾಗೇ. ಈ ಮನೆಯಲ್ಲಿ ಮೂರು ತಿಂಗಳು ಎಲ್ಲರೂ ನನ್ನನ್ನು ನೋಡಿ ನಕ್ಕಿದ್ದಾರೆ, ಮುದ್ದು ಮಾಡಿದ್ದಾರೆ. ಅದು ಹೋಗಿಬಿಟ್ಟರೆ ನಾನು ಎಲ್ಲಿ ನಿಲ್ಲಲಿ ಅಂತ ಯೋಚನೆ ಬರುತ್ತದೆ.

ಈ ಕಾಗದವನ್ನು ಸಂಜೆಯ ಹುಬ್ಬಳ್ಳಿ ಬಸ್ಸಿನ ಡ್ರೈವರ ಕೈಗೆ ಕೊಡಲು ಬಳ್ಳಾರಿಗೆ ಹೊರಟಿದ್ದೇನೆ. ನಾಳೆ ಬೆಳಿಗ್ಗೆ ಸಮ್ರಾಟಣ್ಣ ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳಲಿ, ಮೆಸೇಜ್ ಮಾಡಿದ್ದೇನೆ. ಅತ್ತಿಗೆಗೆ ನನ್ನ ನಮಸ್ಕಾರ, ನಿನ್ನ ಮೊಮ್ಮಗಳು ಪುಟ್ಟಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಾಳೆ ವರಮಹಾಲಕ್ಷ್ಮಿ, ಅತ್ತಿಗೆ ಹೋಳಿಗೆ ಮಾಡಿದರೆ ಎರಡಕ್ಕೇ ಸಾಕು ಮಾಡು, ಡಾಕ್ಟರು ಹೇಳಿದ್ದು ನೆನಪಿರಲಿ. ಕಿವಿಯ ಮಷೀನು ಜೇಬಿನಲ್ಲಲ್ಲ, ಕಿವಿಯಲ್ಲಿ ಇರಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇದೆ ಅಂತ ತಿಳಿದುಕೊಂಡು ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಮುದ್ದಿನ,
ನೇತ್ರಾ

ತಾಜಾ ಕಲಮು: ಕವರು ಅಂಟಿಸಿ ಮತ್ತೆ ಹರಿದಿದ್ದೇನೆ. ಬಳ್ಳಾರಿ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಡ್ರೈವರು ಹಾರ್ನು ಹೊಡೆಯುತ್ತಿದ್ದಾರೆ. ಉಚ್ಚಂಗೆಮ್ಮ ನೀರು ಮರೆತಿರಲಿಲ್ಲ. ಅವತ್ತು ಪೈಪು ಹಿಡಿದೇ ನಿಂತಿದ್ದಳು. "ಮಂಟಪದ ರಾಶಿ ಐತಿ ಸಣ್ಣವ್ವಾ, ಎರಡು ದಿನ ಬಿಡೂಣು" ಅಂದಳು. ಇಪ್ಪತ್ತನೇ ತಾರೀಖು ಅಂತ ಮಾತು ಕೊಟ್ಟಿದ್ದೇನೆ, ಮಷೀನು ಖಾಲಿ ನಿಂತಿದೆ, ಹಾಕು ಅಂತ ಹೇಳಿ ನಾನೇ ನಲ್ಲಿ ಬಂದ್ ಮಾಡಿದೆ. ನಿನ್ನೆ ಮಾವ ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ದುಪಟ್ಟಾ ಸರಿ ಮಾಡಿಕೊಂಡೆ. ಈಗ ಇಲ್ಲಿಂದ ಸೀದಾ ಅವಳ ಮನೆಗೆ ಹೋಗುತ್ತೇನೆ, ಅವಳನ್ನು ಕರೆದುಕೊಂಡು ಅತ್ತೆಯ ಹತ್ತಿರ, ಅತ್ತೆ ಒಪ್ಪಿದರೆ ನಾಳೆಯೇ ಮೂವರೂ ಸಿರುಗುಪ್ಪಕ್ಕೆ. ಆದರೆ ನನ್ನ ಮೇಲೆ ನನಗೆ ನಂಬಿಕೆ ಇಲ್ಲ ಅಪ್ಪಾ, ನಿನ್ನೆಯೂ ಹೇಳಬೇಕು ಅಂತಲೇ ಬಾಯಿ ತೆರೆದಿದ್ದೆ. ಶನಿವಾರ ಮಧ್ಯಾಹ್ನದ ಒಳಗೆ "ಹೇಳಿದೆ" ಅಂತ ನನ್ನ ಮೆಸೇಜು ಬರದಿದ್ದರೆ, ಅಣ್ಣನ ಕೈಯಲ್ಲಿ ಈ ಹಾಳೆಯ ಫೋಟೊ ತೆಗೆಸಿ ಅತ್ತೆಯ ಮೊಬೈಲಿಗೆ ಕಳಿಸಿಬಿಡು. ಅತ್ತೆಗೆ ಓದಲು ಬರುವುದಿಲ್ಲ, ಯಾರನ್ನಾದರೂ ಕರೆಸಲೇಬೇಕು. ಅವರಿಗೆ ಬಂದದ್ದನ್ನೆಲ್ಲ ಓದಿ ಹೇಳುವವಳು ಉಚ್ಚಂಗೆಮ್ಮ.